ಕತ್ತಿಗಿಂತ ಪಟ್ಟಿಯೇ ಕಷ್ಟ: ಸ್ಟ್ರೇಟ್ ರೇಜರ್ ಜೊತೆ 14 ತಿಂಗಳು

ಸಲೂನಿನಲ್ಲಿ ಈಗ ಹಿಡಿಯುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ನಾನು ತರಿಸಿದ್ದು ಅದಲ್ಲ, ಮಸೆದು ಮಸೆದು ಬಳಸುವ ಹಳೇ ಮಡಚುಗತ್ತಿ. ಜರ್ಮನಿಯ ಸೋಲಿಂಗೆನ್‌ನದು, ಕಾರ್ಬನ್ ಸ್ಟೀಲ್. ಶೇವಿಗೆ ಮೊದಲು ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ಉಜ್ಜಿ ಹದ ಮಾಡುವ ಚರ್ಮದ ಪಟ್ಟಿ, ಬ್ರಷ್ ಸೇರಿ 14 ಸಾವಿರ. ಮನೆಯಲ್ಲಿ ಹೇಳಿದ್ದು ನಾಲ್ಕು ಸಾವಿರ.

ಪೆಟ್ಟಿಗೆ ಮೇಲೆ ‘ಶೇವ್ ರೆಡಿ’ ಅಂತಿತ್ತು. ಉತ್ಸಾಹದಲ್ಲಿ ಪಟ್ಟಿಗೆ ಅರವತ್ತು ಸಲ ಉಜ್ಜಿ ಕೆನ್ನೆಗಿಟ್ಟೆ. ಕೂದಲು ಕತ್ತರಿಸಲಿಲ್ಲ, ಕಿತ್ತಿತು. ಕಣ್ಣಲ್ಲಿ ನೀರು. ಮಾರಿದವರಿಗೆ ಬರೆದರೆ ‘ಕೈ ಕುದುರಬೇಕು ಸರ್’ ಎಂಬ ಉತ್ತರ. ಸಿಟ್ಟಿಗೆ ಒಂದೇ ಸ್ಟಾರ್ ಕೊಟ್ಟು ಕತ್ತಿಯನ್ನು ಡ್ರಾಯರಿಗೆ ಹಾಕಿದೆ.

ತಿಂಗಳ ಮೇಲೆ, ನಮ್ಮ ಶಿರಸಿಯಲ್ಲಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಆರಾಮಾಗಿದ್ದ ಹಳೇ ಕ್ಷೌರಿಕರೊಬ್ಬರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ ನಕ್ಕರು. ‘ಕತ್ತಿ ಚಲೋ ಇದೆ ಮಾರಾಯ್ರೇ, ನೀವೇ ಉಜ್ಜಿ ಉಜ್ಜಿ ಬಾಯಿ ಮಗುಚಿ ಹಾಕಿದ್ದೀರಿ.’ ತಮ್ಮ ನುಣುಪು ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಹತ್ತಿಪ್ಪತ್ತು ಸಲ ಎಳೆದು ಕೊಟ್ಟರು. ಆ ಒಂದು ಸ್ಟಾರನ್ನು ಅವತ್ತೇ ತೆಗೆದೆ.

ನನ್ನ ತಪ್ಪು ಎರಡು: ಪಟ್ಟಿ ಜೋಲಾಗಿತ್ತು, ಎಳೆಯುವಾಗ ಕತ್ತಿಯ ಬೆನ್ನು, ಅಂದರೆ ದಪ್ಪ ಮೊಂಡು ಬದಿ, ಎತ್ತುತ್ತಿದ್ದೆ. ಈಗ ಪಟ್ಟಿಯನ್ನು ಬಚ್ಚಲ ಬಾಗಿಲ ಕೊಕ್ಕೆಗೆ ಸಿಕ್ಕಿಸಿ ಬಿಗಿಯಾಗಿ ಹಿಡಿಯುತ್ತೇನೆ. ಬೆನ್ನು ಮುಂದೆ, ಬಾಯಿ ಹಿಂದೆ. ಬೆನ್ನು ಚರ್ಮ ಬಿಡುವಂತಿಲ್ಲ, ತುದಿಯಲ್ಲಿ ಹೊರಳಿಸುವುದೂ ಬೆನ್ನಿನ ಮೇಲೇ. ಭಾರ ಹಾಕದೆ ನಲವತ್ತು ಸಲ. ಸರಿಯಾಗಿ ಕೂತರೆ ‘ಸರ್ರ್’ ಅನ್ನುತ್ತದೆ, ತಪ್ಪಿದರೆ ‘ಚರಕ್’. ಬೆಳಗಿನ ಕಾಫಿಗಿಂತ ಮೊದಲು ಆ ಸದ್ದು ಕೇಳದಿದ್ದರೆ ಏನೋ ಮರೆತ ಹಾಗೆ. ಒಮ್ಮೆ ಅವಸರದಲ್ಲಿ ಬಾಯಿಯ ಮೇಲೆ ಹೊರಳಿಸಿ ಪಟ್ಟಿಗೆ ಉಗುರಿನಷ್ಟು ಗಾಯ ಮಾಡಿದೆ. ಕಲಿಯುವವರು ಮೊದಲು ಅಗ್ಗದ ಪಟ್ಟಿ ತಗೊಳ್ಳಿ, ಅದು ಹಾಳಾಗಿಯೇ ಆಗುತ್ತದೆ.

ಮುಖದ ಪಾಠ ಬೇಗ ಬಂತು. ಎರಡು ವಾರ ಕೆನ್ನೆ ಮಾತ್ರ. ಚರ್ಮ ಎಳೆದು ಹಿಡಿದು, ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿಗೇ. ಕೊನೆಗೆ ಪಟಿಕ ಉಜ್ಜಿದರೆ ಎಲ್ಲೆಲ್ಲಿ ಒತ್ತಿದ್ದೆನೋ ಅಲ್ಲೆಲ್ಲ ಚುರುಚುರು. ಮದುವೆಗೆ ಹೊರಡುವ ದಿನ ಮಾತ್ರ ಹೆಂಡತಿ ಕತ್ತಿ ಮುಟ್ಟಲು ಬಿಡುವುದಿಲ್ಲ.

ಮಳೆಗಾಲ ಬಂದಾಗ ಇನ್ನೊಂದು ಪೇಚಾಟ. ಬಚ್ಚಲಲ್ಲಿ ಎರಡು ದಿನ ಮರೆತಿದ್ದಕ್ಕೆ ಅಲಗಿನ ಮೇಲೆ ಕೇಸರಿ ಚುಕ್ಕೆ. ಈಗ ಒರೆಸಿ, ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಸವರಿ ಕಪಾಟಿನಲ್ಲಿಡುತ್ತೇನೆ.

ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ಲೇಡಿನ ಲೆಕ್ಕದಲ್ಲಿ 14 ಸಾವಿರ ವಾಪಸು ಬರುವಷ್ಟರಲ್ಲಿ ನನಗೆ ಪೆನ್ಶನ್ ಬಂದಿರುತ್ತದೆ. ಒಂದು ಶೇವಿಗೆ 25 ನಿಮಿಷ, ಹಾಗಾಗಿ ಬುಧವಾರ, ಭಾನುವಾರ ಮಾತ್ರ. ಈಗ ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರ್. ಮೂಗಿನ ಕೆಳಗೆ ಇವತ್ತಿಗೂ ಹಳೇ ಸೇಫ್ಟಿ ರೇಜರೇ.