ಹೃದ್ರೋಗಿಗೆ ಸಿಬಿಸಿ ಸಾಕೇ, ಸಿಆರ್‌ಪಿಯೂ ಬೇಕೇ?

ದಾವಣಗೆರೆಯಲ್ಲಿ ಹೃದಯದ ತಪಾಸಣೆಗೆ ಹೋದವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿ; ಅದರಲ್ಲಿನ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಎನ್‌ಎಲ್‌ಆರ್ ಅನುಪಾತಕ್ಕೆ ಬೇರೆ ಖರ್ಚಿಲ್ಲ. ಅನುಪಾತ ಹೆಚ್ಚಿದ್ದಷ್ಟೂ ಉರಿಯೂತವೂ ಹೃದಯದ ಅಪಾಯವೂ ಹೆಚ್ಚಿರುವ ಸಂಭವವಿದೆಯಾದರೂ, ಸೋಂಕು, ಸ್ಟೀರಾಯ್ಡ್ ಮಾತ್ರೆಗಳಿಂದಲೂ ಅದು ಏರುವುದರಿಂದ ಮತ್ತು ಎಲ್ಲರೂ ಒಪ್ಪಿದ ಗಡಿಸಂಖ್ಯೆ ಇಲ್ಲದಿರುವುದರಿಂದ, ಒಂದೇ ವರದಿ ನೋಡಿ ಹೆದರಬೇಕಾಗಿಲ್ಲ. ಅದೇ ಸಿಬಿಸಿ ವರದಿಯಲ್ಲಿರುವ, ಕೆಂಪುಕಣಗಳ ಗಾತ್ರದ ಏರುಪೇರನ್ನು ಅಳೆಯುವ ಆರ್‌ಡಿಡಬ್ಲ್ಯೂ ಹೃದಯ ವೈಫಲ್ಯದ ರೋಗಿಗಳಲ್ಲಿ ಮುಂದಿನ ಅಪಾಯದ ಉಪಯುಕ್ತ ಸೂಚಕ. ಆದರೆ ಕಬ್ಬಿಣಾಂಶದ ಕೊರತೆಯೂ (ನಮ್ಮ ಕಡೆಯ ಹೆಂಗಸರಲ್ಲಿ ಅದೇನು ಅಪರೂಪವಲ್ಲ) ಅದನ್ನು ಏರಿಸುತ್ತದೆ.

ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಸಿಆರ್‌ಪಿ ಎಂಬ ಪ್ರೋಟೀನನ್ನು ಸೂಕ್ಷ್ಮವಾಗಿ ಅಳೆಯುವ ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಪರೀಕ್ಷೆಗೆ ಪ್ರತ್ಯೇಕ ಹಣ ತೆರಬೇಕು. ಅದೂ ಸೋಂಕಿನಲ್ಲಿ ಏರುತ್ತದೆ, ಆದರೆ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಇದ್ದರೆ ಮಧ್ಯಮ, 3ಕ್ಕಿಂತ ಹೆಚ್ಚಿದ್ದರೆ ಅಧಿಕ ಎಂಬ ಒಪ್ಪಿತ ಹಂತಗಳಿರುವುದರಿಂದ ನನ್ನ ಒಲವು ಇದರ ಕಡೆಗೆ. ಎದೆನೋವು ಕಾಣಿಸಿದಾಗ ಮಾತ್ರ ಇವ್ಯಾವನ್ನೂ ಕಾಯದೆ ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಮೊದಲು ಮಾಡಿಸಬೇಕು.