43 ಇಂಚಿನ ಟಿವಿ, 14 ತಿಂಗಳಾದ ಮೇಲೆ

ಕಳೆದ ವರ್ಷ ಯುಗಾದಿ ಹೊತ್ತಿಗೆ ಬಂದ ಬೆಳೆಯ ರೇಷ್ಮೆ ಗೂಡು ಮಾರಿ ಈ ಟಿವಿ ತಂದೆವು. 43 ಇಂಚು, ಅಂದರೆ ಮೂಲೆಯಿಂದ ಮೂಲೆಗೆ ಸುಮಾರು 108 ಸೆಂಟಿಮೀಟರ್. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದು ಅಂಗಡಿಯಲ್ಲಿ ಅರ್ಧ ನಗದು, ಅರ್ಧ ಕಂತು. ಕಂತು ತೀರಿ ಎರಡು ತಿಂಗಳಾಯಿತು, ಈಗ ಧೈರ್ಯವಾಗಿ ಬರೆಯಬಹುದು. ಕಂಪನಿ ಹೆಸರು ಬೇಡ. ನಮ್ಮ ಬೀದಿಯಲ್ಲಿ ಇದೇ ಬೆಲೆಗೆ ನಾಲ್ಕು ಮನೆಯವರು ನಾಲ್ಕು ಕಂಪನಿಯದು ತಂದಿದ್ದಾರೆ. ಎಲ್ಲವೂ ಹೆಚ್ಚುಕಮ್ಮಿ ಒಂದೇ.

ಚಿತ್ರ ಚೆನ್ನಾಗಿದೆ. ಸೀರೆಯ ಅಂಚು ಎಳೆ ಎಳೆಯಾಗಿ ಕಾಣುತ್ತದೆ. 'ಅದು ರೇಷ್ಮೆ ಅಲ್ಲ, ಪಾಲಿಯೆಸ್ಟರ್' ಅಂತ ನಮ್ಮ ಮಾವ ಕೂತಲ್ಲೇ ತೀರ್ಪು ಕೊಡುತ್ತಾರೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ವಯಸ್ಸು ಕಳೆದವರು, ಅವರ ಕಣ್ಣು ತಪ್ಪುವುದಿಲ್ಲ. ಹಗಲು ಬಾಗಿಲು ತೆಗೆದಿದ್ದರೆ ಮಾತ್ರ ಪರದೆ ಮೇಲೆ ನಮ್ಮ ಅಂಗಳವೇ ಕಾಣುತ್ತದೆ. ಸೌಂಡ್ ಸಾಧಾರಣ. ಸಂಗೀತ ಜೋರು, ಮಾತು ಮೆಲ್ಲಗೆ. ಮಾತು ಕೇಳಲಿ ಅಂತ ಜಾಸ್ತಿ ಮಾಡಿದರೆ ಜಾಹೀರಾತು ಬಂದಾಗ ಕರು ಬೆಚ್ಚಿ ಬೀಳುತ್ತದೆ.

ಎಲ್ಲರೂ ಕೇಳುವುದು ಮಾತಾಡುವ ರಿಮೋಟಿನ ಬಗ್ಗೆ. ಗುಂಡಿ ಒತ್ತಿ ಬಾಯಲ್ಲಿ ಹೇಳಿದರೆ ಬೇಕಾದ್ದು ಹುಡುಕಿ ಕೊಡುತ್ತದೆ, ಕನ್ನಡದಲ್ಲಿ ಹೇಳಿದರೂ. ಆದರೆ ನಮ್ಮತ್ತೆ ಬಾಗೇಪಲ್ಲಿ ಕಡೆಯವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಮೊದಲ ವಾರ ಅವರು ಕೇಳಿದ್ದೊಂದು, ಅದು ಹಾಕಿದ್ದೊಂದು. ಈಗ ಅತ್ತೆ ರಿಮೋಟಿನ ಜೊತೆ ನಿಧಾನವಾಗಿ, ಬಿಡಿಸಿ ಬಿಡಿಸಿ, ಅಚ್ಚ ಕನ್ನಡ ಮಾತಾಡುತ್ತಾರೆ. ಹತ್ತು ವರ್ಷದಲ್ಲಿ ನನ್ನ ಜೊತೆ ಒಂದು ದಿನವೂ ಅಷ್ಟು ಮರ್ಯಾದೆಯಿಂದ ಮಾತಾಡಿದ್ದಿಲ್ಲ!

ಸಂಜೆ ಆರೂವರೆಗೆ ಶುರುವಾದರೆ ಹತ್ತರವರೆಗೆ ಅರ್ಧರ್ಧ ಗಂಟೆಯ ಸೀರಿಯಲ್ಲುಗಳು, ಒಂದರ ಹಿಂದೆ ಒಂದು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ಕೇಬಲ್ ಟಿವಿ ನಿಯಮ ಇದೆ. ನಮ್ಮ ಮನೆಯಲ್ಲಿ ಮಾತಿಗೂ ಅದೇ ನಿಯಮ. ಗೂಡು ಎಷ್ಟಕ್ಕೆ ಹೋಯಿತು, ಮಗಳ ಶಾಲೆಯ ಫೀಸು, ನಾಳೆ ಕರೆಂಟು ಎಷ್ಟು ಹೊತ್ತಿಗೆ, ಎಲ್ಲ ಆ 12 ನಿಮಿಷದೊಳಗೆ ಮುಗಿಯಬೇಕು. ಮೊದಲು ಮಾವ ಹರಾಜಿನಿಂದ ಬಂದರೆ ಅದೇ ಒಂದು ಕಥೆ. ಗೂಡಿನಿಂದ ನೂಲು ತೆಗೆಯುವ ರೀಲರುಗಳಲ್ಲಿ ಯಾರು ಮೊದಲು ಬೆಲೆ ಹಾಕಿದ, ಯಾರು ಗೂಡು ಕಿವಿ ಹತ್ತಿರ ಅಲ್ಲಾಡಿಸಿ ಮೂತಿ ತಿರುವಿದ, ಎಲ್ಲ ಹೇಳುತ್ತಿದ್ದರು. ಈಗ 'ಪರವಾಗಿಲ್ಲ' ಅನ್ನುತ್ತಾರೆ. ಅಷ್ಟರಲ್ಲಿ ಟೈಟಲ್ ಸಾಂಗ್ ಬಂದಿರುತ್ತದೆ.

ಹುಳಕ್ಕೂ ಜಾಹೀರಾತಿನಲ್ಲೇ ಊಟ. ನಾಲ್ಕನೇ ಜ್ವರ, ಅಂದರೆ ತಿನ್ನದೆ ಮಲಗಿ ಪೊರೆ ಕಳಚುವುದು, ಮುಗಿಸಿ ಎದ್ದ ಮೇಲೆ ಹುಳ ತಿನ್ನುವುದು ನೋಡಬೇಕು. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಆ ಏಳೆಂಟು ದಿನಕ್ಕೇ ಬೇಕು. ರಾತ್ರಿ ಸೊಪ್ಪು ಹಾಕಿ ಒಂದು ನಿಮಿಷ ಸುಮ್ನೆ ನಿಂತರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದಿನಲ್ಲಿ ಕೂತು ಅತ್ತೆ ಅವರ ಊರಿನ ಕಥೆ ಹೇಳುತ್ತಿದ್ದರು. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುವಾಗ ಊರಿಗೆಲ್ಲ ಒಂದೇ ಕಪ್ಪುಬಿಳುಪು ಟಿವಿಯಂತೆ. ಗಾಳಿ ಬಂದರೆ ಒಬ್ಬ ಹುಡುಗ ಮಾಡಿನ ಮೇಲೆ ಆಂಟೆನಾ ಹಿಡಿದು ನಿಲ್ಲಬೇಕಂತೆ. ಹಿಂದಿ ಯಾರಿಗೂ ಬರುತ್ತಿರಲಿಲ್ಲ. ಒಂದು ದಿನ ನೋಡಿ, ಅವನು ಏನಂದ, ಇವಳು ಯಾಕೆ ಅತ್ತಳು ಅಂತ ಆರು ದಿನ ಜಗಳ ಆಡುತ್ತಿದ್ದರಂತೆ. ಈಗ ವಾರಕ್ಕೆ ಆರು ದಿನ ನೋಡುವುದು. ಮಾತಾಡಲು ಉಳಿದದ್ದು ಭಾನುವಾರ. ಅವತ್ತು ಸಿನಿಮಾ.

ನಡುವೆ ಒಂದು ಸಲ ಸಿಡಿಲಿಗೆ ಒಳಗಿನ ಬೋರ್ಡು ಹೋಯಿತು. ರಿಪೇರಿಯವರು ಬಂದದ್ದು ಎಂಟನೇ ದಿನಕ್ಕೆ. ದಿನಾ ಫೋನು, ದಿನಾ 'ನಾಳೆ ಬರ್ತೀವಿ ಮೇಡಂ'. ಆ ಎಂಟು ದಿನ ನಮ್ಮ ಮನೆಯಲ್ಲಿ ಮಾತುಕತೆ ಜೋರಾಗಿ ನಡೆಯಿತು ಅಂದುಕೊಳ್ಳಬೇಡಿ. ಅತ್ತೆ ಪಕ್ಕದ ಮನೆಗೆ ಹೋದರು, ನಮ್ಮನೆಯವರು ಮೊಬೈಲು ಹಿಡಿದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಟಿವಿ ಇಲ್ಲದಿದ್ದರೆ ಅತ್ತೆಗೆ ನನ್ನ ಬಗ್ಗೆ ಏನನ್ನಿಸುತ್ತದೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. 'ನೋಡು, ಬೆಳಿಗ್ಗೆ ಏಳುವಾಗಲೇ ಮುಖ ಗಂಟು ಹಾಕ್ಕೊಂಡಿದ್ದಾಳೆ' ಅಂತ ಸೀರಿಯಲ್ ಸೊಸೆಯನ್ನು ಬೈಯುತ್ತಾರೆ. ಯಾವ ಸೊಸೆ ಅಂತ ನನಗೆ ಗೊತ್ತು. ನಾನೂ ಬಿಡುವುದಿಲ್ಲ. 'ಆ ಅತ್ತೆಗೆ ಮಗಳ ಮನೆಗೆ ಕಳಿಸೋಕೆ ತುಪ್ಪ ಇರುತ್ತೆ, ನೋಡಿ' ಅನ್ನುತ್ತೇನೆ. ಮಾವ ಇಬ್ಬರನ್ನೂ ನೋಡಿ ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ. ನಮ್ಮ ಅರ್ಧ ಜಗಳ ಹೀಗೇ ತೀರಿದೆ, ಪಾತ್ರೆ ಸದ್ದು ಇಲ್ಲದೆ.

ಆದರೆ ಟಿವಿಯಲ್ಲಿ ಬಾರದ್ದನ್ನು ಹೇಳುವುದು ಹೇಗೆ? ಹೋದ ಬೆಳೆಯಲ್ಲಿ ಗೂಡು ಬಿಡಿಸಲು ಕೂತೆವು. ಅತ್ತೆ ಯಾವಾಗಲೂ ನೆಲದ ಮೇಲೆ ಕೂತು, ಹುಳ ಗೂಡು ಕಟ್ಟುವ ತಟ್ಟೆ, ಚಂದ್ರಿಕೆಯನ್ನು ಗೋಡೆಗೆ ಒರಗಿಸಿಕೊಂಡು, ಎರಡೂ ಕೈಯಲ್ಲಿ ಪಟಪಟ ಬಿಡಿಸುತ್ತಾರೆ. ಅವತ್ತು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರು. ಬಗ್ಗಿದರೆ ಕೈಗೆಟುಕುತ್ತಿಲ್ಲ, ಗೂಡು ಮಡಿಲಿಂದ ಜಾರಿ ಕೆಳಗೆ ಉರುಳುತ್ತಿವೆ. ಮಂಡಿ ಊದಿತ್ತು.

'ಯಾವಾಗಿಂದ ಅತ್ತೆ?'

'ಸಂಕ್ರಾಂತಿಯಿಂದ.'

'ಹೇಳಬಾರದಿತ್ತಾ?'

'ಯಾವಾಗ ಹೇಳ್ಲಮ್ಮಾ? ಹೇಳೋಣ ಅನ್ನೋ ಹೊತ್ತಿಗೆ ಅದು ಶುರುವಾಗೋದು.'

ಮೂರೂವರೆ ಗಂಟೆ, ದಿನಾ, ಅವರ ಪಕ್ಕದಲ್ಲೇ ಕೂತಿರುತ್ತೇನೆ ನಾನು. ಸೀರಿಯಲ್ಲಿನಲ್ಲಿ ಜನ ಕೋಮಾಕ್ಕೆ ಹೋಗುತ್ತಾರೆ, ನೆನಪು ಕಳೆದುಕೊಳ್ಳುತ್ತಾರೆ, ಸತ್ತವರು ಎದ್ದು ಬರುತ್ತಾರೆ. ಮಂಡಿ ಮಾತ್ರ ಯಾರಿಗೂ ನೋಯುವುದಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ರಿಪೇರಿಯವರ 'ನಾಳೆ'ಗೆ, ಮಂಡಿಗೆ ಅಲ್ಲ. ಅದು ಕಂಪನಿ ತಪ್ಪು ಹೇಗಾಗುತ್ತದೆ? ಹತ್ತಡಿ ಹಜಾರಕ್ಕೆ 43 ಇಂಚು ಸಾಕು, ದೊಡ್ಡದು ಬೇಡ. ಸ್ಟೆಬಿಲೈಸರ್ ಹಾಕಿ, ಮಳೆ ಬಂದರೆ ಪ್ಲಗ್ ಕಿತ್ತುಬಿಡಿ. ರಿಮೋಟಿನಲ್ಲಿ ಮ್ಯೂಟ್ ಗುಂಡಿ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ. ಈಗ ಜಾಹೀರಾತು ಬಂದ ತಕ್ಷಣ ಅದನ್ನು ಒತ್ತುತ್ತೇನೆ. ಮೊದಮೊದಲು ಅತ್ತೆ ಸಿಡುಕುತ್ತಿದ್ದರು. ಈಗ ನಾನು ಮರೆತರೆ ಅವರೇ ಮೊಣಕೈಯಲ್ಲಿ ತಿವಿಯುತ್ತಾರೆ. ಆ ಗುಂಡಿಯ ಮೇಲಿನ ಗುರುತು ಆಗಲೇ ಸವೆದುಹೋಗಿದೆ.