4 ವರ್ಷ ಟ್ರ್ಯಾಂಗ್ ಬಳಸಿದ ಮೇಲೆ: ಸಿಆರ್‌ಎಂಗೆ ಎಕ್ಸ್‌ಎಂಎಲ್ ಸ್ಕೀಮಾ ಮಾಡುವವರಿಗೆ ನನ್ನ ಅನುಭವ

ಊರು ಧಾರವಾಡ, ಕೆಲಸ ಪುಣೆಯ ಭೋಸರಿಯಲ್ಲಿ. ಪಂಪ್‌ಗಳ ಬಿಡಿಭಾಗ ಮಾಡುವ ಸಣ್ಣ ಕಂಪನಿ. ನಮ್ಮ ಡೀಲರ್‌ಗಳು ಸಾಂಗಲಿ, ಕೊಲ್ಹಾಪುರದಿಂದ ಹಿಡಿದು ಹುಬ್ಬಳ್ಳಿ, ಹಾಸನದವರೆಗೆ ಇದ್ದಾರೆ. ಅವರ ವಿವರ ಮತ್ತು ಆರ್ಡರ್‌ಗಳು ಲೆಕ್ಕದ ಸಾಫ್ಟ್‌ವೇರ್‌ನಿಂದ ಸಿಆರ್‌ಎಂಗೆ, ಅಂದರೆ ಗ್ರಾಹಕರ ವಿವರ ಇಡುವ ಸಾಫ್ಟ್‌ವೇರ್‌ಗೆ, ದಿನಾ ರಾತ್ರಿ ಎಕ್ಸ್‌ಎಂಎಲ್ ಫೈಲ್ (ಪ್ರತಿ ವಿವರವನ್ನೂ ಹೆಸರಿನ ಟ್ಯಾಗ್‌ಗಳ ನಡುವೆ ಬರೆದ ಫೈಲ್) ಆಗಿ ಹೋಗುತ್ತವೆ. ಆ ಫೈಲ್ ಹೇಗಿರಬೇಕು, ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಹೇಳುವ ಸ್ಕೀಮಾ ಬರೆಯೋ ಕೆಲಸ ನನ್ನದು. 4 ವರ್ಷದಿಂದ ಇದಕ್ಕೆ ಟ್ರ್ಯಾಂಗ್ ಎಂಬ ಟೂಲ್ ಬಳಸುತ್ತಿದ್ದೇನೆ, ಸ್ಯಾಂಪಲ್ ಫೈಲ್ ನೋಡಿ ಅದೇ ಸ್ಕೀಮಾ ಬರೆದು ಕೊಡುತ್ತದೆ. 5ಕ್ಕೆ 4 ಸ್ಟಾರ್ ಕೊಡುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ರ್ಯಾಂಗ್ ಬರೆದವರು ಜೇಮ್ಸ್ ಕ್ಲಾರ್ಕ್. ಎಕ್ಸ್‌ಎಂಎಲ್ ರೂಪುಗೊಳ್ಳುವಾಗ ಅದರ ತಾಂತ್ರಿಕ ಹೊಣೆ ಹೊತ್ತವರಲ್ಲಿ ಒಬ್ಬರು. ಟೂಲ್ ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಜಾವಾ ಇದ್ದರೆ ಸಾಕು, ಇನ್‌ಸ್ಟಾಲ್ ಮಾಡೋದೂ ಬೇಡ. ಕಮಾಂಡ್ ಸಾಲಿನಲ್ಲಿ ನಿಮ್ಮ ಸ್ಯಾಂಪಲ್ ಎಕ್ಸ್‌ಎಂಎಲ್ ಫೈಲ್‌ಗಳ ಹೆಸರು ಬರೆದು, ಕೊನೆಗೆ ಎಕ್ಸ್‌ಎಸ್‌ಡಿ (ಸ್ಕೀಮಾ ಬರೆಯುವ ಒಂದು ಭಾಷೆ) ಫೈಲಿನ ಹೆಸರು ಕೊಡಿ. ಸ್ಯಾಂಪಲ್‌ಗಳನ್ನೆಲ್ಲ ಓದಿ ಸ್ಕೀಮಾ ಕೊಡುತ್ತದೆ. ಒಂದೇ ಸಲಕ್ಕೆ ಎಷ್ಟು ಸ್ಯಾಂಪಲ್ ಬೇಕಾದರೂ ಕೊಡಬಹುದು. ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಹಾಗೆಯೇ ನಾನು ಅತಿ ದೊಡ್ಡ ತಪ್ಪು ಮಾಡಿದ್ದೂ ಅಲ್ಲೇ.

ಮೊದಲ ಸಲ 20 ಸ್ಯಾಂಪಲ್ ಆರಿಸಿದೆ. ಎಲ್ಲ ಪುಣೆ, ಸಾಂಗಲಿ ಕಡೆಯವು. ನೀಟಾಗಿದ್ದವನ್ನೇ ಹುಡುಕಿ ತೆಗೆದೆ. ಎಲ್ಲದರಲ್ಲೂ ಮೊದಲ ಹೆಸರು ಇತ್ತು, ಅಡ್ಡಹೆಸರು ಇತ್ತು. ಟ್ರ್ಯಾಂಗ್ ಎರಡನ್ನೂ ಕಡ್ಡಾಯ ಮಾಡಿತು. ಅದು ಸರಿಯೇ, ನಾನು ತೋರಿಸಿದ್ದು ಅಷ್ಟೇ ಅಲ್ವಾ? ಮೊದಲ ಹೆಸರುಗಳೆಲ್ಲ ಒಂದೊಂದೇ ಪದ ಇದ್ದುದರಿಂದ ಅದಕ್ಕೆ 'ಎನ್‌ಸಿನೇಮ್' ಎಂಬ ಟೈಪ್ ಕೊಟ್ಟಿತು. ಎನ್‌ಸಿನೇಮ್ ಎಂದರೆ ಎಕ್ಸ್‌ಎಂಎಲ್ ಟ್ಯಾಗ್‌ಗೆ ಇಡಬಹುದಾದಂಥ ಹೆಸರು. ಅದರಲ್ಲಿ ಸ್ಪೇಸ್ ಇರುವಂತಿಲ್ಲ, ಅಂಕೆಯಿಂದ ಶುರುವಾಗುವಂತಿಲ್ಲ. ಇದನ್ನು ನಾನು ಕಣ್ಣಾರೆ ನೋಡಿದೆ, ಪರವಾಗಿಲ್ಲ ಅಂದುಕೊಂಡು ಬಿಟ್ಟೆ.

ಎರಡನೇ ವಾರ ಹಾಸನದ ಡೀಲರ್ ಒಬ್ಬರ ಫೈಲ್ ಬಂತು. ಅವರ ಹೆಸರು ಕೆ. ಮಂಜುನಾಥ ಎಂದು ಇಟ್ಟುಕೊಳ್ಳಿ. ಅಡ್ಡಹೆಸರು ಇಲ್ಲ, ಇನಿಶಿಯಲ್ ಮಾತ್ರ. 'ಕೆ.' ಆದ ಮೇಲೆ ಒಂದು ಸ್ಪೇಸ್. ಎರಡೂ ನಿಯಮ ಮುರಿದವು, ಫೈಲ್ ವಾಪಸ್ ಹೋಯಿತು. ನಮ್ಮಲ್ಲಿ ಡಿಸ್‌ಪ್ಯಾಚ್‌ನವರು ಸಿಆರ್‌ಎಂ ನೋಡಿಯೇ ಮಾಲು ಕಳಿಸುವುದು. 3 ದಿನ ಅವರ ಆರ್ಡರ್ ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕನೇ ದಿನ ಅವರೇ ಫೋನ್ ಮಾಡಿದರು. ಆಫೀಸ್‌ನಲ್ಲಿ ಕನ್ನಡ ಬರುವವನು ನಾನೊಬ್ಬನೇ ಆದ್ದರಿಂದ ಫೋನ್ ನನ್ನ ಕೈಗೆ ಬಂತು.

"ಸಾರ್, ಕೊಯ್ಲು ಮುಗಿಯೋದರೊಳಗೆ ಪಂಪ್ ರಿಪೇರಿ ಆಗಬೇಕು ಅಂತ ರೈತರು ಅಂಗಡಿ ಮುಂದೆ ನಿಂತಿದ್ದಾರೆ. ನನ್ನ ಆರ್ಡರ್ ಏನಾಯ್ತು ಸಾರ್?" ಎಂದರು.

ನನಗೆ ತುಂಬಾ ಬೇಸರವಾಯಿತು. ನಮ್ಮ ಧಾರವಾಡದ ಕಡೆ ಪಾಟೀಲ, ಕುಲಕರ್ಣಿ, ದೇಸಾಯಿ ಎಂದು ಅಡ್ಡಹೆಸರು ಇರುತ್ತದೆ. ಹಳೇ ಮೈಸೂರು ಕಡೆ ಹಾಗಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಶಿಯಲ್ ಆಗಿ ಮುಂದೆ ಬರುತ್ತದೆ. ಇದು ಪುಣೆಯ ಸಹೋದ್ಯೋಗಿಗಳಿಗೆ ಗೊತ್ತಿಲ್ಲದೆ ಇರಬಹುದು. ಕನ್ನಡದವನಾದ ನನಗೆ ಗೊತ್ತಿರಬೇಕಿತ್ತು. ಅವತ್ತೇ ಮಾಲು ಕಳಿಸಿ ಕ್ಷಮೆ ಕೇಳಿದೆ. ಸ್ಕೀಮಾದಲ್ಲಿ ಮೊದಲ ಹೆಸರನ್ನು ಐಚ್ಛಿಕ ಮಾಡಿದೆ. ಎರಡೂ ಹೆಸರಿಗೆ ಸಾದಾ ಸ್ಟ್ರಿಂಗ್ ಟೈಪ್, ಅಂದರೆ ಏನು ಬರೆದರೂ ಒಪ್ಪುವ ಪಠ್ಯ, ಕೊಟ್ಟೆ. ಸಿಆರ್‌ಎಂಗೆ ಕೊನೆಯ ಹೆಸರು ಬೇಕೇ ಬೇಕು, ಅದನ್ನು ಬದಲಿಸಲು ನಮಗೆ ಆಗಲ್ಲ. ಹಾಗಾಗಿ ಅಡ್ಡಹೆಸರು ಇಲ್ಲದವರ ಪೂರ್ತಿ ಹೆಸರನ್ನು ಆ ಜಾಗದಲ್ಲೇ ಹಾಕುತ್ತೇವೆ.

ಅಂದಿನಿಂದ 'ಸ್ಯಾಂಪಲ್' ಎಂಬ ಫೋಲ್ಡರ್ ಇಟ್ಟಿದ್ದೇನೆ. ಚಂದದ ಫೈಲ್‌ಗಳಿಗೆ ಅಲ್ಲಿ ಜಾಗ ಕಡಿಮೆ. ತಂಟೆ ಮಾಡಿದ ಫೈಲ್‌ಗಳಲ್ಲಿ ನ್ಯಾಯವಾದ ಡೇಟಾ ಇದ್ದರೆ ಅವೇ ಮೊದಲು ಅಲ್ಲಿಗೆ ಹೋಗುತ್ತವೆ. ಈಗ 140ಕ್ಕೂ ಜಾಸ್ತಿ ಇವೆ. ಒಂದೇ ಐಟಂ ಇರುವ ಆರ್ಡರ್ ಮಾತ್ರ ತೋರಿಸಿದರೆ ಆ ಟ್ಯಾಗ್ ಒಂದೇ ಸಲ ಬರಬೇಕು ಎಂದು ಟ್ರ್ಯಾಂಗ್ ತಿಳಿಯುತ್ತದೆ. ಎರಡು ಐಟಂ ತರಿಸಿದವರ ಆರ್ಡರ್ ನಿಲ್ಲುತ್ತದೆ. ಅದಕ್ಕೇ ಹತ್ತಾರು ಐಟಂ ಇರುವ ಫೈಲ್ ಒಂದಾದರೂ ಬೇಕು. ಟ್ಯಾಗ್‌ಗಳ ಕ್ರಮ ಹಿಂದುಮುಂದಾದ ಫೈಲ್ ಕೊಡುವಾಗ ಮಾತ್ರ ಎಚ್ಚರ. ಕ್ರಮ ಬದಲಾದದ್ದು ಕಂಡರೆ ಯಾವ ಟ್ಯಾಗ್ ಎಷ್ಟು ಸಲ ಬಂದರೂ ಸರಿ ಎನ್ನುವಷ್ಟು ಸಡಿಲ ಮಾಡಿಬಿಡುತ್ತದೆ. ಆಮೇಲೆ ಮೊಬೈಲ್ ನಂಬರ್ ಇಲ್ಲದ ಫೈಲ್ ಕೂಡ ಪಾಸ್ ಆಗುತ್ತದೆ.

ಫೋನ್ ನಂಬರ್ ವಿಷಯ ಎಲ್ಲರಿಗೂ ಬರುತ್ತದೆ. ಬರೀ ಅಂಕೆ ನೋಡಿದರೆ ಟ್ರ್ಯಾಂಗ್ 'ಇಂಟಿಜರ್' (ಪೂರ್ಣಾಂಕ) ಎನ್ನುತ್ತದೆ. ಸ್ಕೀಮಾ ತಪಾಸಣೆಯಲ್ಲಿ ತೊಂದರೆ ಕಾಣಲ್ಲ. ಆದರೆ ಆ ಸ್ಕೀಮಾ ನೋಡಿ ಕೋಡ್ ಮಾಡುವ ಆಚೆಯ ಪ್ರೋಗ್ರಾಂ ಅದನ್ನು ಸಂಖ್ಯೆ ಎಂದೇ ಓದುತ್ತದೆ. ಪುಣೆಯ 020, ಹುಬ್ಬಳ್ಳಿಯ 0836, ಎರಡರಲ್ಲೂ ಮುಂದಿನ ಸೊನ್ನೆ ಹೋಗುತ್ತದೆ. ಕೂಡಿಸಿ ಕಳೆಯದ ಯಾವ ನಂಬರನ್ನೂ ಸಂಖ್ಯೆ ಮಾಡಬೇಡಿ. ಫೋನ್, ಪಿನ್‌ಕೋಡ್, ಡೀಲರ್ ಕೋಡ್, ಎಲ್ಲ ಸ್ಟ್ರಿಂಗ್.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಟ್ರ್ಯಾಂಗ್ ಎಕ್ಸ್‌ಎಸ್‌ಡಿ ಒಂದನ್ನೇ ಅಲ್ಲ, ರಿಲ್ಯಾಕ್ಸ್ ಎನ್‌ಜಿ ಎಂಬ ಇನ್ನೊಂದು ಸ್ಕೀಮಾ ಭಾಷೆಯನ್ನೂ ಕೊಡುತ್ತದೆ. ಅದರ ಚಿಕ್ಕ ಬರವಣಿಗೆಗೆ ಆರ್‌ಎನ್‌ಸಿ ಎನ್ನುತ್ತಾರೆ. ಎಕ್ಸ್‌ಎಸ್‌ಡಿಯಲ್ಲಿ 2 ಪುಟ ತುಂಬುವ ವಿಷಯ ಆರ್‌ಎನ್‌ಸಿಯಲ್ಲಿ ಒಂದೇ ಸ್ಕ್ರೀನ್‌ನಲ್ಲಿ ಕಾಣುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಐಚ್ಛಿಕ, ಪ್ಲಸ್ ಇದ್ದರೆ ಕನಿಷ್ಠ ಒಂದು, ನಕ್ಷತ್ರ ಇದ್ದರೆ ಎಷ್ಟಾದರೂ. ನಾನು ಸ್ಯಾಂಪಲ್‌ಗಳಿಂದ ಮೊದಲು ಆರ್‌ಎನ್‌ಸಿ ಮಾಡಿಸುತ್ತೇನೆ. ಅದನ್ನು ಕೈಯಾರೆ ತಿದ್ದಿ, ಆಮೇಲೆ ಅದರಿಂದ ಎಕ್ಸ್‌ಎಸ್‌ಡಿ ತೆಗೆಯುತ್ತೇನೆ. ಅಕೌಂಟ್ಸ್‌ನ ತಾಈಯವರು, ಅಂದರೆ ನಮ್ಮಲ್ಲಿ ಎಲ್ಲರೂ ತಾಈ (ಮರಾಠಿಯಲ್ಲಿ ಅಕ್ಕ) ಎಂದೇ ಕರೆಯುವ ಹಿರಿಯರು, ಕೋಡ್ ಬರೆದವರಲ್ಲ. ಆದರೂ ಆರ್‌ಎನ್‌ಸಿ ಪ್ರಿಂಟ್ ನೋಡಿ, "ಜಿಎಸ್‌ಟಿ ನಂಬರ್ ಕಡ್ಡಾಯ ಯಾಕೆ? ರಿಜಿಸ್ಟ್ರೇಷನ್ ಇಲ್ಲದ ಚಿಕ್ಕ ಅಂಗಡಿಯವರು ಇದ್ದಾರಲ್ಲ" ಎಂದು ಸರಿಯಾಗಿ ತೋರಿಸಿಕೊಟ್ಟರು. ಎಕ್ಸ್‌ಎಸ್‌ಡಿ ಪ್ರಿಂಟ್ ಕೊಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಇಲ್ಲೇ ಒಂದು ಕೊರತೆಯೂ ಇದೆ. ಟ್ರ್ಯಾಂಗ್ ಎಕ್ಸ್‌ಎಸ್‌ಡಿ ಬರೆಯುತ್ತದೆ, ಓದುವುದಿಲ್ಲ. ಸಿಆರ್‌ಎಂನವರು ಎಕ್ಸ್‌ಎಸ್‌ಡಿ ಕೊಟ್ಟರೆ ಅದನ್ನು ಆರ್‌ಎನ್‌ಸಿ ಮಾಡಲು ಇದರಿಂದ ಆಗಲ್ಲ. ನೀವು ಎಕ್ಸ್‌ಎಸ್‌ಡಿಯಲ್ಲಿ ತಿದ್ದಿದ್ದೂ ಹಿಂದಕ್ಕೆ ಬರಲ್ಲ. ಹಾಗಾಗಿ ಆರ್‌ಎನ್‌ಸಿಯೇ ಮೂಲ ಎಂದು ಇಟ್ಟುಕೊಳ್ಳಿ. ಸ್ಟಾರ್ ಒಂದು ಕಡಿಮೆ ಕೊಟ್ಟಿದ್ದು ಇದಕ್ಕೇ.

ಉದ್ದದ ಮಿತಿ, ಪ್ಯಾಟರ್ನ್‌ಗಳನ್ನೂ (ಯಾವ ಜಾಗದಲ್ಲಿ ಯಾವ ಅಕ್ಷರ ಇರಬೇಕು ಎಂಬ ನಿಯಮ) ನೀವೇ ಬರೆಯಬೇಕು. ಜಿಎಸ್‌ಟಿ ನಂಬರ್ 15 ಅಕ್ಷರ, ಮೊದಲ 2 ಅಂಕೆ ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29. ಇದಕ್ಕೆ ಪ್ಯಾಟರ್ನ್ ಹಾಕೋದು ಸುಲಭ. ಉದ್ದದ ವಿಷಯದಲ್ಲಿ ಕನ್ನಡದಲ್ಲಿ ಡೇಟಾ ಇರುವವರು ಸ್ವಲ್ಪ ನಿಂತು ಯೋಚಿಸಿ. 'ಹುಬ್ಬಳ್ಳಿ' ನಮ್ಮ ಕಣ್ಣಿಗೆ 3 ಅಕ್ಷರ. ಸ್ಕೀಮಾ ಲೆಕ್ಕದಲ್ಲಿ ಅದು 9, ಯಾಕೆಂದರೆ ಒತ್ತು, ಗುಣಿತ ಎಲ್ಲ ಯೂನಿಕೋಡ್‌ನಲ್ಲಿ ಬೇರೆ ಬೇರೆ. ಫೈಲ್‌ನಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 27. ನಮ್ಮ ವಿಳಾಸದ ಕಾಲಂ 40 ಬೈಟ್‌ನದು, ಸ್ಕೀಮಾದಲ್ಲಿ ನಾನು ಹಾಕಿದ ಮಿತಿ 40. ಕನ್ನಡ ವಿಳಾಸಗಳು ಸ್ಕೀಮಾದಲ್ಲಿ ಪಾಸ್ ಆಗಿ ಡೇಟಾಬೇಸ್‌ನಲ್ಲಿ ಬೀಳುತ್ತಿದ್ದವು. ಸ್ಕೀಮಾದ ಮಿತಿ ಕಡಿಮೆ ಮಾಡಿದರೆ ವಿಳಾಸವನ್ನು ಅರ್ಧಕ್ಕೇ ನಿಲ್ಲಿಸಿ ಬರೆಯಬೇಕಾಗುತ್ತದೆ. ಹಾಗಾಗಿ ಹಟ ಹಿಡಿದು ಕಾಲಂ ದೊಡ್ಡದು ಮಾಡಿಸಿದೆ. ನಮ್ಮ ಭಾಷೆಯಲ್ಲಿ ವಿಳಾಸ ಬರೆದವರಿಗೆ ಮಾಲು ಸರಿಯಾದ ಬಾಗಿಲಿಗೆ ಮುಟ್ಟಬೇಕು.

ದಿನಾಂಕಕ್ಕೆ ಒಂದೇ ಮಾತು. ದಿನ ಮಾತ್ರ ಬೇಕಿದ್ದರೆ 'ಡೇಟ್' ಟೈಪ್ ಹಾಕಿ, ಗಂಟೆಯೂ ಸೇರುವ 'ಡೇಟ್‌ಟೈಮ್' ಬೇಡ. ಆಚೆಯ ಪ್ರೋಗ್ರಾಂ ಗಂಟೆಯನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಬದಲಿಸಿದರೆ, ನಮ್ಮ ಏಪ್ರಿಲ್ 1 ಶುರುವಾಗುವ ಮಧ್ಯರಾತ್ರಿ ಅಲ್ಲಿ ಮಾರ್ಚ್ 31ರ ಸಂಜೆ 6:30. ಆರ್ಡರ್ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ.

ಟ್ರ್ಯಾಂಗ್ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಇಂಟರ್ನೆಟ್ ಬೇಕಿಲ್ಲ. ಎಕ್ಸ್‌ಎಂಎಲ್ ಪೇಸ್ಟ್ ಮಾಡಿದರೆ ಸ್ಕೀಮಾ ಕೊಡುವ ಸೈಟ್‌ಗಳು ಬೇಕಾದಷ್ಟಿವೆ. ನಮ್ಮ ಟ್ರೈನಿ ಹುಡುಗ ಒಮ್ಮೆ ನಿಜವಾದ ಗ್ರಾಹಕರ ಫೈಲನ್ನೇ ಅಲ್ಲಿ ಹಾಕಲು ಹೊರಟಿದ್ದ, ತಡೆದೆ. ಅದರಲ್ಲಿ ಜನರ ಹೆಸರು, ಫೋನ್, ಮನೆ ವಿಳಾಸ ಇರುತ್ತದೆ. ಅವರು ಅದನ್ನು ನಮ್ಮನ್ನು ನಂಬಿ ಕೊಟ್ಟಿದ್ದಾರೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆಯೂ ಆಗಿದೆ.

ಸ್ಕೀಮಾ ಬದಲಿಸಿದಾಗಲೆಲ್ಲ ಸ್ಯಾಂಪಲ್ ಫೋಲ್ಡರ್‌ನ ಎಲ್ಲ ಫೈಲ್‌ಗಳನ್ನು ಎಕ್ಸ್‌ಎಂಎಲ್‌ಲಿಂಟ್ ಎಂಬ ತಪಾಸಣೆ ಟೂಲ್‌ನಿಂದ ಹೊಸ ಎಕ್ಸ್‌ಎಸ್‌ಡಿ ವಿರುದ್ಧ ಪರೀಕ್ಷೆ ಮಾಡುತ್ತೇನೆ. ಅದೂ ಉಚಿತ. ಜೊತೆಗೆ ಬೀಳಲೇಬೇಕಾದ 12 ಫೈಲ್‌ಗಳ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿ ಒಂದು ಪಾಸ್ ಆದರೂ ಸ್ಕೀಮಾ ಸಡಿಲವಾಗಿದೆ ಎಂದು ಗೊತ್ತಾಗುತ್ತದೆ.

ಮುಂದಿನ ತಿಂಗಳು ಮಡಗಾಂವ್ ಮತ್ತು ಮಾಪುಸಾದಲ್ಲಿ ಹೊಸ ಡೀಲರ್‌ಗಳು ಸೇರುತ್ತಿದ್ದಾರೆ. ಜಿಎಸ್‌ಟಿ ಪ್ಯಾಟರ್ನ್‌ಗೆ ಗೋವಾದ 30 ಸೇರಿಸಿದ್ದೇನೆ. ಅಪಾಸ್ಟ್ರಫಿ ಇರುವ ಡಿ'ಸೋಜಾ, ಮೂರು ಪದದ ಮೊದಲ ಹೆಸರು, ಮನೆ ನಂಬರ್ ಇಲ್ಲದೆ ವಾಡೋ (ಗೋವಾದ ಊರಿನ ಕೇರಿ) ಹೆಸರಷ್ಟೇ ಇರುವ ವಿಳಾಸ, ಇವುಗಳ ಸ್ಯಾಂಪಲ್ ಈಗಲೇ ಮಾಡಿಟ್ಟಿದ್ದೇನೆ. ಈ ಸಲ ಅವರ ಫೋನ್ ಬರುವ ಮೊದಲೇ ಅವರ ಹೆಸರು ಸರಿಯಾಗಿ ಹೋಗಬೇಕು.